ನಮ್ಮ ಓಣಿಗೆ ಬಂದ ಎರಡು ಮಂಟಪ ಗಾಡಿ

ಯುಗಾದಿ ಕಳೆದ ಮೇಲೆ ಒಂದು ಮುಂಜಾನೆ ನನ್ನ ತಮ್ಮ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಎರಡು ಗಾಡಿ ಹೇರಿಕೊಂಡು ಬನಹಟ್ಟಿಗೆ ಬಂದ. ನಮ್ಮ ಮನೆಯ ಮುಂದೆ ಎರಡನ್ನೂ ಇಳಿಸಿ, ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡು, "ಅಕ್ಕಾ, ಒಂದ ಪೆಟ್ರೋಲಿಂದು, ಒಂದ ಬ್ಯಾಟರೀದು. ಯಾವ್ದ ಬೇಕು ಇಟ್ಕೋ, ಇನ್ನೊಂದ ನಾ ಒಯ್ತೇನಿ" ಅಂದ.

ಅಷ್ಟೊತ್ತಿಗೆ ಓಣಿಯ ಅರ್ಧ ಜನ ಹೊರಗೆ ಬಂದು ನಿಂತಿದ್ದರು. ನಾಲ್ಕು ಸಣ್ಣ ಗಾಲಿ, ಇಬ್ಬರು ಕೂಡುವ ಒಂದು ಸೀಟು, ನಾಲ್ಕು ಕಂಬ, ಮೇಲೊಂದು ಚಪ್ಪರ. ಬಾಗಿಲಿಲ್ಲ, ಗೋಡೆಯಿಲ್ಲ. ಇದಕ್ಕೆ ಗಾಲ್ಫ್ ಗಾಡಿ ಅನ್ನುತ್ತಾರೆಂದು ತಮ್ಮ ಹೇಳಿದ. ಗಾಲ್ಫ್ ಅಂದರೇನು ಎಂದು ಯಾರೋ ಕೇಳಿದರು. "ದೊಡ್ಡ ಮಂದಿ ಕೋಲಿಲೆ ಚೆಂಡ ಹೊಡ್ಯೂ ಆಟರಿ. ಚೆಂಡ ದೂರ ಹೋಗತೈತಿ. ಅಲ್ಲೀತನಕ ನಡ್ಯಾಕ ಅವ್ರಿಗೆ ಬ್ಯಾಸರ. ಅದಕ್ಕ ಈ ಗಾಡಿ."

ಎದುರು ಮನೆಯ ಆಯಿ ಕಟ್ಟೆಯ ಮೇಲೆ ಕೂತಲ್ಲಿಂದಲೇ, "ನಡ್ಯಾಕ ಬ್ಯಾಸರ ಇದ್ರ ಮೆಲ್ಲಕ ಹೊಡೀಬೇಕಪಾ" ಅಂದಳು. ಆಮೇಲೆ ಗಾಡಿಯನ್ನು ಮೇಲೆ ಕೆಳಗೆ ನೋಡಿ, "ಇದ ಮಂಟಪ ಆತು. ಒಳಗಿನ ದೇವರ ಎಲ್ಲಿ?" ಎಂದು ಕೇಳಿದಳು. ಅವತ್ತಿನಿಂದ ಓಣಿಯಲ್ಲಿ ಅದರ ಹೆಸರು ಮಂಟಪ ಗಾಡಿ.

ಒಳಗಿನ ದೇವರು ಮನೆಯೊಳಗೆ ಹೊರಸಿನ ಮೇಲೆ ಗೋಡೆಗೆ ಮುಖ ಮಾಡಿ ಮಲಗಿತ್ತು. ನನ್ನ ಗಂಡ.

ಅದರ ಹಿಂದಿನ ದೀಪಾವಳಿಯ ಹೊತ್ತಿಗೆ ಅವರು ಮಗ್ಗದ ಕೋಣೆಯ ಮೆಟ್ಟಿಲ ಮೇಲೆ ಜಾರಿ ಬಿದ್ದಿದ್ದರು. ಹೆಗಲ ಮೇಲೆ ನೂಲು ಸುತ್ತಿದ ಭೀಮ್, ಅಂದರೆ ಮಗ್ಗದ ಉರುಳೆ, ಇತ್ತು. ಅದನ್ನು ಬಿಟ್ಟು ತಾವು ಗೋಡೆ ಹಿಡಿದಿದ್ದರೆ ಏನೂ ಆಗುತ್ತಿರಲಿಲ್ಲ. ನೂಲು ಹೊಲಸಾಗುತ್ತದೆಂದು ಅದನ್ನು ಎದೆಗವಚಿಕೊಂಡು ತಾವು ಕೆಳಗೆ ಬಿದ್ದರು. ನೂಲು ಉಳಿಯಿತು, ಎಡಗಡೆಯ ಸೊಂಟದ ಎಲುಬು ಮುರಿಯಿತು. ಮಿರಜಿಗೆ ಒಯ್ದು ಆಪರೇಶನ್ ಮಾಡಿಸಿದೆವು. ಎಲುಬು ಕೂಡಿತು. ಆದರೆ ಮನೆಯ ಹೊಸ್ತಿಲ ತನಕ ವಾಕರ್ ಹಿಡಿದು ಬರುವುದಷ್ಟೇ ಆಯಿತು, ಅದರಾಚೆ ಆಗಲಿಲ್ಲ. ಮೋಟರ್ ಸೈಕಲ್ಲಿನ ಮೇಲೆ ಕಾಲು ಎತ್ತಿ ಹಾಕಲಾಗದು. ಆಟೋ ಹತ್ತಬೇಕಾದರೆ ಸೊಂಟ ಬಗ್ಗಿಸಬೇಕು, ಅದೂ ಆಗದು. ಮನೆಯಿಂದ ಮಗ್ಗದ ಕೋಣೆ ಓಣಿಯ ಆ ತುದಿಗೆ. ಚಾದ ಅಂಗಡಿ ಈ ತುದಿಗೆ, ಓಣಿಯ ಬಾಯಿಗೆ. ಅವರ ಬದುಕೆಲ್ಲ ಈ ಎರಡು ತುದಿಗಳ ನಡುವೆ ನಡೆದದ್ದು. ಈಗ ಎರಡೂ ಕಡೆ ಹೋಗಲಾಗದೆ ನಟ್ಟ ನಡುವೆ ಉಳಿದುಬಿಟ್ಟಿದ್ದರು.

ಇಲ್ಲೊಂದು ಮಾತು ಹೇಳಬೇಕು. ನನ್ನ ಗಂಡನಿಗೆ ಕಿವಿ ಕೇಳಿಸುವುದು ಬಹಳ ಕಡಿಮೆ. ಪಾವರ್‌ಲೂಮ್ ನಡುವೆ ಹುಡುಗತನದಿಂದ ನಿಂತವರ ಕಿವಿ ಹಾಗೇ ಆಗುವುದು. ನಮ್ಮೂರಲ್ಲಿ ಅದನ್ನು ಯಾರೂ ರೋಗ ಅನ್ನುವುದಿಲ್ಲ. ಮಗ್ಗದ ಕೋಣೆಯಲ್ಲಿ ಕಿವಿ ಇದ್ದವರಿಗೂ ಏನೂ ಕೇಳುವುದಿಲ್ಲ, ಎಲ್ಲರೂ ಕೈಯಿಂದ, ತುಟಿಯಿಂದ ಮಾತಾಡುತ್ತಾರೆ. ಬೆರಳು ಸುತ್ತಿಸಿದರೆ ಮಗ್ಗ ನಡೆದಿದೆ ಎಂದರ್ಥ. ಅಂಗೈ ಮಗುಚಿ ಹಾಕಿದರೆ ನಿಂತಿದೆ. ನಾನು ಬೀಳಗಿ ಕಡೆಯ ಒಕ್ಕಲಿನ ಮನೆಯಿಂದ ಬಂದವಳು. ಹಿನ್ನೀರು ಬಂದು ನಮ್ಮ ಊರು ಮುಳುಗಿ, ತವರಿನವರು ಬಾಗಿಲ ಚೌಕಟ್ಟು ಕಿತ್ತುಕೊಂಡು ಹೊಸ ಪುನರ್ವಸತಿ ಊರಿಗೆ ಹೋದರು. ಅದಕ್ಕೂ ಮೊದಲೇ ನನ್ನ ಮದುವೆಯಾಗಿತ್ತು. ಇಲ್ಲಿಗೆ ಬಂದ ಹೊಸತರಲ್ಲಿ ಈ ಕೈಮಾತು ನೋಡಿ ನಗು ಬರುತ್ತಿತ್ತು. ಆಮೇಲೆ ನಾನೂ ಕಲಿತೆ. ಕೈಯಲ್ಲಿ ಜಗಳಾಡುವುದಕ್ಕೂ ಕಲಿತೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆದರೆ ಎರಡೂ ಕೈಯಿಂದ ಬೈಯುತ್ತ ಎಷ್ಟು ಹೊತ್ತು ನಿಲ್ಲುತ್ತೀರಿ? ಅರ್ಧಕ್ಕೇ ಇಬ್ಬರಿಗೂ ನಗು ಬರುತ್ತಿತ್ತು. ನಮ್ಮ ಸಂಸಾರ ಉಳಿದದ್ದರಲ್ಲಿ ಮಗ್ಗದ ಸದ್ದಿನ ಪಾಲೂ ಇದೆ.

ಕಿವಿ ಹೋದರೂ ಅವರಿಗೆ ಯಾವ ಮಗ್ಗ ನಿಂತಿತು, ಯಾವುದು ನಡೆದಿದೆ ಎಂಬುದು ತಪ್ಪುತ್ತಿರಲಿಲ್ಲ. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತರೆ ನೆಲ ಹೇಳುತ್ತದೆ. ಕೋಣೆಯ ಮೂಲೆಯ ಮಗ್ಗ ಲಾಳಿ ತಪ್ಪಿ ನಿಂತರೆ, ಈ ಮೂಲೆಯಲ್ಲಿ ಬೆನ್ನು ತಿರುಗಿಸಿ ನಿಂತವರು ತಟ್ಟನೆ ಹೊರಳಿ ನೋಡುತ್ತಿದ್ದರು. ಇದು ಅವರೊಬ್ಬರ ವಿದ್ಯೆಯಲ್ಲ, ಈ ಓಣಿಯ ಹಿರಿಯ ನೇಕಾರರೆಲ್ಲರ ಅಂಗಾಲಿಗೂ ಕಿವಿ ಇದೆ.

ಹೊರಸು ಹಿಡಿದ ಮೇಲೆ ಅವರು ಗೋಡೆಗೆ ಅಂಗೈ ಹಚ್ಚಿ ಮಲಗುತ್ತಿದ್ದರು. ಬಾಜೂ ಮನೆಯಲ್ಲಿ ಮಗ್ಗ ನಡೆಯುತ್ತದೆ, ಅದರ ನಡುಕ ಗೋಡೆಗೆ ಬರುತ್ತದೆ. ಮೊದಮೊದಲು ನಾನು ಮಗ್ಗದ ಕೋಣೆಯಿಂದ ಬಂದರೆ ನಮ್ಮ ಮಗ್ಗಗಳ ಸುದ್ದಿ ಕೇಳುತ್ತಿದ್ದರು. ಮಗ್ಗಕ್ಕೆ ಯಾವ ಬಣ್ಣದ ಸೀರೆ ಹಾಕಿದಿ, ಅಂಚಿನ ದಡಿ ಸರಿಯಾಗಿ ಬರುತ್ತಿದೆಯೋ ಇಲ್ಲವೋ ಎಂದು. ಸಂಕ್ರಾಂತಿ ದಾಟಿದ ಮೇಲೆ ಕೇಳುವುದನ್ನೂ ಬಿಟ್ಟರು. ಗಡ್ಡ ಬಿಟ್ಟರು. ನೋಡಲು ಬಂದ ಗೆಳೆಯರು ಎದುರು ಕೂತಿದ್ದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು, ಅವರು ಎದ್ದು ಹೋಗಲಿ ಎಂದು. ಒಂದು ದಿನ ಊಟದ ತಾಟು ಸರಿಸಿ, "ನಂದ ಮುಗೀತ. ಇನ್ನ ಸುಮ್ನ ಯಾಕ ಅನ್ನ ಹಾಳ ಮಾಡ್ತಿ" ಅಂದರು. ಅವತ್ತು ನನಗೆ ಹೆದರಿಕೆಯಾಯಿತು. ಎಲುಬು ಮುರಿದಾಗ ಆಗದ ಹೆದರಿಕೆ. ಈ ಮನುಷ್ಯ ಹೊಸ್ತಿಲು ದಾಟದಿದ್ದರೆ ನನ್ನ ಕೈಗೆ ಉಳಿಯುವುದಿಲ್ಲ ಎಂದು ಗೊತ್ತಾಯಿತು. ತಮ್ಮನಿಗೆ ಫೋನು ಹಚ್ಚಿ ಅತ್ತೆ.

ತಮ್ಮ ಮುಧೋಳ ತಾಲೂಕಿನ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಗಾಡಿಗಳ ವಿಭಾಗದಲ್ಲಿದ್ದ. ಬಂದ ಅತಿಥಿಗಳಿಗೆ ಕಾರ್ಖಾನೆ ತೋರಿಸಲು ಅಲ್ಲಿ ಇಂಥ ಗಾಡಿ ಇಟ್ಟಿದ್ದರಂತೆ. ಹೊಸವು ಬಂದು ಹಳೆಯವನ್ನು ಮೂಲೆಗೆ ತಳ್ಳಿದ್ದರು. ಸೀಟು ತಗ್ಗಿನಲ್ಲಿದೆ, ಕಾಲೆತ್ತುವ ಕೆಲಸವಿಲ್ಲ, ಹೊರಳಿ ಕೂತರೆ ಆಯಿತು. ಗೇರಿಲ್ಲ, ಎಡಗಾಲಿಗೆ ಕೆಲಸವೇ ಇಲ್ಲ. ಇದನ್ನೆಲ್ಲ ಯೋಚನೆ ಮಾಡಿ, ಅಲ್ಲಿಯ ಸಾಹೇಬರ ಹತ್ತಿರ ಮಾತಾಡಿ, ಕಬ್ಬಿನ ಹಂಗಾಮು ಮುಗಿಯುವ ತನಕ ಕಾದು, ಎರಡನ್ನೂ ಹೇರಿಕೊಂಡು ಬಂದಿದ್ದ. ಒಂದು ನಮಗೆ. ಇನ್ನೊಂದಕ್ಕೆ ಹಿಪ್ಪರಗಿ ಕಡೆಯ ಒಬ್ಬ ರೈತರು ಹೇಳಿಟ್ಟಿದ್ದರು, ತೋಟದಲ್ಲಿ ಅಡ್ಡಾಡಲು. ಅವರಿಗೆ ಯಾವುದಾದರೂ ನಡೆಯುತ್ತಿತ್ತು. ತಮ್ಮನಿಗೆ ಎರಡೇ ದಿನ ರಜೆ. ನಾಳೆ ಸಂಜೆಯೊಳಗೆ ಯಾವುದೆಂದು ಹೇಳಬೇಕು, ಎರಡೂ ಒಲ್ಲೆವೆಂದರೆ ಎರಡೂ ಹೋಗುತ್ತವೆ. ಅಕ್ಕನ ಒಂದು ಅಳುವಿಗೆ ಇಷ್ಟು ಮಾಡುವ ತಮ್ಮಂದಿರು ಎಷ್ಟು ಮಂದಿಗೆ ಇರುತ್ತಾರೋ ನನಗೆ ಗೊತ್ತಿಲ್ಲ.

ಓಣಿ ಆಗಲೇ ಎರಡು ಪಕ್ಷವಾಗಿತ್ತು. ಪೆಟ್ರೋಲಿನವರು ಹೇಳಿದರು: "ಈ ಊರಾಗ ಕರೆಂಟಿಂದ ಏನ ಭರವಸಾ ಐತಿ? ಹೋಗೇತಿ ಅಂದ್ರ ಹೋತು. ನಟ್ಟನಡುವ ನಿಂತ್ರ ದೇವರನ ಹೊತಗೊಂಡ ಬರ್ತೀರೇನ?" ಬ್ಯಾಟರಿಯವರು ಹೇಳಿದರು: "ಕರೆಂಟ ಇದ್ದಾಗ ತುಂಬಿಸಿ ಇಟ್ಟರ ಆತಲ್ಲ. ಹೊಗಿ ಇಲ್ಲ, ಗದ್ದಲ ಇಲ್ಲ." ಅದಕ್ಕೆ ಇನ್ನೊಬ್ಬರು, "ಗದ್ದಲ ಇಲ್ಲಂತ. ಬನಹಟ್ಟ್ಯಾಗ ಗದ್ದಲ ಯಾರಿಗೆ ತ್ರಾಸ ಆಗೇತಿ?" ಅಂದರು. ಎಲ್ಲರೂ ನಕ್ಕರು. ಯಾರೂ ಒಳಗೆ ಮಲಗಿದವರನ್ನು ಕೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳಿದರೆ ಎರಡೂ ಬೇಡ ಅನ್ನುತ್ತಿದ್ದರು.

ನನ್ನ ಮನಸ್ಸು ಬ್ಯಾಟರಿಯ ಕಡೆಗಿತ್ತು. ಕಾರಣ ನಮ್ಮ ಓಣಿಯ ಒಂದು ರೀತಿ. ಎದುರು ಮನೆಯ ಆಯಿಯದು ಕೈಮಗ್ಗದ ಹಳೆಯ ಮನೆತನ. ಅಂಥ ಇನ್ನೂ ಕೆಲವು ಮನೆಗಳಿದ್ದವು. ಅವರು ಮುಂಜಾನೆ ಹಾಸನ್ನು, ಅಂದರೆ ಮಗ್ಗಕ್ಕೆ ಏರಿಸುವ ಉದ್ದನೆಯ ಎಳೆಗಳನ್ನು, ಓಣಿಯ ಉದ್ದಕ್ಕೂ ಬಿಚ್ಚಿ ಗಂಜಿ ಕೊಡುತ್ತಿದ್ದರು. ಹಾಸು ಬಿಚ್ಚಿದ ಹೊತ್ತಿನಲ್ಲಿ ಓಣಿಯಲ್ಲಿ ಬೆಂಕಿ ಕೂಡದು. ಬೀಡಿ ಸೇದುವವರು ಓಣಿಯ ಬಾಯಲ್ಲೇ ಆರಿಸಿ ಬರಬೇಕು. ಮೋಟರ್ ಸೈಕಲ್ಲಿನವರು ಇಳಿದು, ಬಂದ್ ಮಾಡಿ, ನೂಕಿಕೊಂಡು ಹೋಗಬೇಕು. ಒಮ್ಮೆ ನಸುಕಿನಲ್ಲಿ ಮದುಮಗನ ಮೆರವಣಿಗೆಯೇ ಬಂದು, ಪಂಜು ಆರಿಸಿ, ಬ್ಯಾಂಡು ನಿಲ್ಲಿಸಿ, ಕಳ್ಳರ ಹಾಗೆ ದಾಟಿ ಹೋಗಿತ್ತು. ನಮ್ಮ ದೇವರು ಇಳಿದು ಗಾಡಿ ನೂಕಲಾರರು. ಹಾಗಾಗಿ ನನ್ನ ಲೆಕ್ಕದಲ್ಲಿ ಬ್ಯಾಟರಿಯದೇ ಸರಿ.

ತಮ್ಮ, ನಾನು ಸೇರಿ ಅವರನ್ನು ಹೊರಗೆ ತಂದೆವು. ಬರಲು ಒಲ್ಲೆ ಅಂದರು. ತಮ್ಮ ಕಾಲು ಹಿಡಿದುಕೊಂಡ. "ಮಾಮಾ, ಒಂದ ಸಲ ಕೂತ ನೋಡ್ರಿ. ಬ್ಯಾಡ ಅನಿಸಿದ್ರ ನಾ ಮಾತಾಡೂದಿಲ್ಲ." ಅಳಿಯತನಕ್ಕೆ ಕಟ್ಟುಬಿದ್ದು ಬಂದರು. ತಿಂಗಳುಗಟ್ಟಲೆ ಆದ ಮೇಲೆ ಅವರ ಮೇಲೆ ಬಿಸಿಲು ಬಿತ್ತು. ಕಣ್ಣು ಕಿರಿದು ಮಾಡಿಕೊಂಡು ಬ್ಯಾಟರಿ ಗಾಡಿಯಲ್ಲಿ ಕೂತರು. ತಮ್ಮ ಕೀಲಿ ತಿರುವಿ, ಬಲಗಾಲಿನ ಪೆಡಲ್ ತೋರಿಸಿ, ಬೆರಳು ಸುತ್ತಿಸಿ ಚಾಲೂ ಆಗಿದೆ ಎಂದ.

ಅವರು ಸೀಟಿನ ಮೇಲೆ ಅಂಗೈ ಇಟ್ಟರು. ಆಮೇಲೆ ಎದುರಿನ ತಗಡಿನ ಮೇಲೆ. ಆಮೇಲೆ ಚಪ್ಪಲಿ ಕಳಚಿ ಬರಿಗಾಲನ್ನು ಗಾಡಿಯ ತಳಕ್ಕೆ ಊರಿದರು. ಏನೂ ಇಲ್ಲ. ನಡುಕ ಇಲ್ಲ, ಬಿಸಿ ಇಲ್ಲ. ಅಂಗೈ ಮಗುಚಿ ಹಾಕಿ, ನಿಂತಿದೆ ಎಂದರು. ಇಲ್ಲ, ನಡೆದಿದೆ ಎಂದು ತಮ್ಮ ಮತ್ತೆ ಬೆರಳು ಸುತ್ತಿಸಿದ, ಎದುರಿನ ಸಣ್ಣ ಕೆಂಪು ದೀಪ ತೋರಿಸಿದ. ಅವರು ದೀಪ ನೋಡಿದರು. ಕಣ್ಣು ನಂಬಿದರೂ ಕಾಲು ನಂಬಲಿಲ್ಲ. ನಿಂತ ಮಷಿನ್ನನ್ನು ಪರೀಕ್ಷಿಸುವ ಹಾಗೆ ಪೆಡಲನ್ನು ತಳದ ತನಕ ಒತ್ತಿಬಿಟ್ಟರು.

ಗಾಡಿ ಹಾರಿ ಹೋಯಿತು. ಸದ್ದೇ ಇಲ್ಲದೆ ಹೋದದ್ದರಿಂದ ಯಾರಿಗೂ ಸರಿಯುವುದಕ್ಕೂ ತಿಳಿಯಲಿಲ್ಲ. ಪುಣ್ಯಕ್ಕೆ ಗಾಡಿಯ ನೇರಕ್ಕೆ ಯಾರೂ ಇರಲಿಲ್ಲ. ಆಯಿಯ ಮನೆಯ ಮುಂದೆ ಬಣ್ಣ ಹಾಕಿದ ನೂಲಿನ ಲಡಿಗಳನ್ನು ಬಿದಿರ ಗಳಗಳ ಮೇಲೆ ಒಣಗಲು ಹಾಕಿದ್ದರು. ನೆಟ್ಟಗೆ ಅದರೊಳಗೆ ಹೊಕ್ಕು ನಿಂತಿತು. ನೋಡಿದರೆ ನನ್ನ ಗಂಡನ ಕೊರಳಲ್ಲಿ ಕೆಂಪು ಲಡಿ, ತಲೆಯ ಮೇಲೆ ಹಸಿರು ಲಡಿ, ಗಾಡಿಯ ಕಂಬಕ್ಕೆಲ್ಲ ಹಳದಿ. ನಿಜವಾಗಲೂ ಉತ್ಸವಕ್ಕೆ ಹೊರಟ ದೇವರ ಹಾಗೇ ಕೂತಿದ್ದರು. ಓಣಿ ಬಿದ್ದು ಬಿದ್ದು ನಕ್ಕಿತು. ಅವರು ನಗಲಿಲ್ಲ. ಕಣ್ಣೆತ್ತದೆ ಕೊರಳಿನ ಲಡಿ ಬಿಡಿಸಿಕೊಳ್ಳತೊಡಗಿದರು.

ಆಯಿ ಎದ್ದು ಬಂದಳು. ಒಂದು ಎಳೆ ಹೋದರೆ ಓಣಿಯನ್ನೇ ತಲೆಯ ಮೇಲೆ ಎತ್ತುವಂಥ ಹೆಂಗಸು ಆಕೆ. ನಾನು ಬೈಸಿಕೊಳ್ಳಲು ತಯಾರಾಗಿ ನಿಂತೆ. ಆಕೆ ನೂಲಿನ ಕಡೆ ನೋಡಲೇ ಇಲ್ಲ. ಅವರ ಗಲ್ಲ ಹಿಡಿದು, ಮುಖ ತನ್ನ ಕಡೆ ತಿರುಗಿಸಿ, ತುಟಿ ಓದಲು ಬರುವ ಹಾಗೆ ನಿಧಾನವಾಗಿ, "ತಮ್ಮಾ, ಹೊರಗ ಬಂದೆಲ್ಲ, ಅಷ್ಟ ಸಾಕು" ಅಂದಳು. ಆ ಲಡಿಗಳನ್ನು ಮತ್ತೆ ಬಿಡಿಸಿ ಒಪ್ಪ ಮಾಡಲು ಆಕೆಗೂ ಆಕೆಯ ಸೊಸೆಗೂ ಒಂದು ದಿನ ಪೂರ್ತಿ ಹಿಡಿಯಿತು. ಅದರ ಬಗ್ಗೆ ಒಂದು ಮಾತು ಆಡಲಿಲ್ಲ. ಆಯಿ ಈಗಿಲ್ಲ. ಆಕೆಯ ಆ ಒಂದು ಮಾತಿನ ಋಣ ನನ್ನ ಮೇಲೆ ಇನ್ನೂ ಇದೆ.

ಮಧ್ಯಾಹ್ನ ತಮ್ಮ ಪೆಟ್ರೋಲ್ ಗಾಡಿಗೆ ಅವರನ್ನು ಕೂಡಿಸಿದ. ಕೀಲಿ ತಿರುವಿದ ಕೂಡಲೇ ಇಂಜಿನ್ನು ಗುಡುಗುಡು ಅಂದು ಗಾಡಿಯೆಲ್ಲ ನಡುಗಿತು. ನನ್ನ ಗಂಡನ ಮುಖ ನೋಡುತ್ತ ನಿಂತಿದ್ದೆ. ಬರಿಗಾಲು ತಳಕ್ಕೆ ಊರಿದರು, ಅಲ್ಲೇ ಇಟ್ಟುಕೊಂಡರು. ಮುಖದ ಗಂಟೆಲ್ಲ ಬಿಚ್ಚಿತು. ಬೆರಳು ಸುತ್ತಿಸಿದರು, ನನ್ನ ಕಡೆ ನೋಡಿ, ನಡೆದಿದೆ! ತಮ್ಮನನ್ನು ಬಾಜೂ ಕೂಡಿಸಿಕೊಂಡು ಮಗ್ಗದ ಕೋಣೆಯ ತನಕ ಹೋಗಿ, ಅಲ್ಲಿ ಸ್ವಲ್ಪ ಹೊತ್ತು ನಿಂತು, ಒಳಗಿನ ಮಗ್ಗಗಳನ್ನು ನೋಡಿಕೊಂಡು ವಾಪಸ್ ಬಂದರು. ಬಂದವರು ಎರಡು ರೊಟ್ಟಿ ಹೆಚ್ಚು ತಿಂದರು. ಬ್ಯಾಟರಿಗೆ ಮಣ್ಣು ಹಾಕು, ಪೆಟ್ರೋಲೇ ಇರಲಿ ಅಂದುಕೊಂಡೆ. ಹಾಸಿನ ಹೊತ್ತಿನಲ್ಲಿ ಹೊರಗೆ ಬರದಿದ್ದರಾಯಿತು.

ಆದರೆ ಮರುದಿನ ಮುಂಜಾನೆ ತಮ್ಮ ಗಾಡಿ ಒರೆಸಲು ಹೋದವನು ನನ್ನನ್ನು ಕರೆದು ಮೂಗು ತೋರಿಸಿದ. ಸುಟ್ಟ ವಾಸನೆ. ಗಾಡಿಯ ಹೊಟ್ಟೆ ನೆಲಕ್ಕೆ ಹತ್ತಿರ, ಸೈಲೆನ್ಸರು ಇನ್ನೂ ತಗ್ಗಿನಲ್ಲಿ. ನಮ್ಮ ಓಣಿಯ ನೆಲದ ಮೇಲೆ, ಅದರಲ್ಲೂ ಮಗ್ಗದ ಕೋಣೆಗಳ ಬಾಗಿಲಲ್ಲಿ, ನೂಲಿನ ಧೂಳು ಅರಳೆಯ ಹಾಗೆ ಹಾರಾಡುತ್ತದೆ. ಹಿಂದಿನ ದಿನ ಒಂದೇ ಸಲ ಹೋಗಿ ಬಂದದ್ದಕ್ಕೆ ಅದೆಲ್ಲ ಸೈಲೆನ್ಸರಿಗೆ ಮೆತ್ತಿ ಸುಟ್ಟು ಕರ್ರಗಾಗಿತ್ತು. ಎತ್ತರದ ಮೋಟರ್ ಸೈಕಲ್ಲಿಗೆ ಆಗದ್ದು ಇದಕ್ಕೆ ಆಗಿತ್ತು. ಕೋಣೆಯ ತುಂಬ ಸೀರೆ, ಬಾಗಿಲಲ್ಲಿ ಇದು. ನೂಲು ತುಂಬಿದ ಮನೆಗಳು ಹೇಗೆ ಉರಿಯುತ್ತವೆ ಎಂದು ಈ ಊರಿನವರಿಗೆ ಹೇಳಿಕೊಡಬೇಕಾಗಿಲ್ಲ. ನಾನು ಗಂಡನ ಮುಂದೆ ಹೋಗಿ ಸುಟ್ಟ ಧೂಳನ್ನು ಅಂಗೈಯಲ್ಲಿ ತೋರಿಸಿದೆ. ನೇಕಾರ ಮನುಷ್ಯ, ಇನ್ನೇನು ಹೇಳಬೇಕು? ಒಂದು ಸಲ ಮೂಸಿ ನೋಡಿದರು. "ಒಯ್ಯಲಿ" ಅಂದರು. ಎರಡನ್ನೂ ಒಯ್ಯಲಿ ಎಂದು ಎರಡು ಬೆರಳು ತೋರಿಸಿ, ಹೊರಸಿನ ಮೇಲೆ ಹೊರಳಿ, ಗೋಡೆಗೆ ಕೈ ಹಚ್ಚಿದರು.

ಒಂದು ದಿನದ ಮಟ್ಟಿಗೆ ಬಿಸಿಲು ಕಂಡ ಮುಖ ಮತ್ತೆ ಗೋಡೆಗೆ ತಿರುಗಿದ್ದು ನೋಡಿ ನನ್ನ ತಲೆ ಕೆಟ್ಟಿತು. ಅಳು ಬರಬೇಕಿತ್ತು, ಸಿಟ್ಟು ಬಂತು. ಹೊರಸಿನ ಆ ಕಡೆಗೆ, ಗೋಡೆಗೂ ಅವರಿಗೂ ನಡುವೆ ನುಗ್ಗಿ ನಿಂತೆ. ಎರಡೂ ಕೈಯಿಂದ ಬೈದೆ. ಮುರಿದದ್ದು ಸೊಂಟ, ನಿಮ್ಮ ಧೈರ್ಯ ಯಾವಾಗ ಮುರಿಯಿತು ಎಂದೆ. ಕಾಲಿಗೆ ಗೊತ್ತಾಗದಿದ್ದರೆ ಕಣ್ಣಿಲ್ಲವೇ ಎಂದೆ. ಅವರೂ ಎದ್ದು ಕೂತು ಕೈಯಿಂದಲೇ ಉತ್ತರ ಕೊಟ್ಟರು. ನಡೆದದ್ದು ಗೊತ್ತಾಗದ ಮಷಿನ್ನಿನ ಮೇಲೆ ಕಾಲಿಡಲಾರೆ, ನಿನ್ನೆ ನೂಲು, ನಾಳೆ ಯಾರದೋ ಕೂಸು. ಅದು ಸುಳ್ಳಲ್ಲ. ಆದರೆ ಸಿಟ್ಟಿಗೆ ಖರೆ ಸುಳ್ಳು ಎಲ್ಲಿ ತಿಳಿಯುತ್ತದೆ? ತಮ್ಮನನ್ನು ಕರೆದು, ಇಬ್ಬರೂ ಹೆಚ್ಚುಕಡಿಮೆ ಹೊತ್ತೇ ಅವರನ್ನು ಬ್ಯಾಟರಿ ಗಾಡಿಯಲ್ಲಿ ಕೂಡಿಸಿದೆವು. ಬಾಜೂ ಸೀಟಿನಲ್ಲಿ ನಾನೇ ಕೂತೆ. ಕೀಲಿ ನಾನೇ ತಿರುವಿದೆ. ಅವರು ಅಂಗೈ ಮಗುಚಿ ಹಾಕಿದರು: ನಿಂತಿದೆ.

"ನಿಂತಿಲ್ಲರಿ! ನಡದೈತಿ! ನಡದೈತಿ!" ಎಂದು ಕೂಗುತ್ತ, ಬರಿಗಾಲಿನ ಹಿಮ್ಮಡಿಯಿಂದ ಗಾಡಿಯ ತಳವನ್ನು ಧಡಧಡ ತುಳಿದೆ. ಸಿಟ್ಟಿಗೆ ತುಳಿದದ್ದು, ಬೇರೆ ಯಾವ ಯೋಚನೆಯೂ ಇರಲಿಲ್ಲ. ಅವರು ತಟ್ಟನೆ ತಳ ನೋಡಿದರು. ತಮ್ಮದೇ ಕಾಲು ನೋಡಿಕೊಂಡರು. ಆಮೇಲೆ ನನ್ನ ಕಾಲು ನೋಡಿದರು. ನಾನು ತುಳಿಯುವುದನ್ನು ನಿಲ್ಲಿಸಿದೆ. ಅವರು ಬೆರಳು ಸುತ್ತಿಸಿ, ತುಳಿ, ನಿಲ್ಲಿಸಬೇಡ ಎಂದರು.

ನಾನು ತುಳಿದೆ. ಈ ಸಲ ಮಗ್ಗದ ಲಯದಲ್ಲಿ, ಖಟ್ ಖಟ್ ಎಂದು, ಎಷ್ಟು ವರ್ಷ ಅದರ ನಡುವೆ ನಿಂತಿಲ್ಲ ನಾನು. ಅವರು ಪೆಡಲನ್ನು ಮೆಲ್ಲಗೆ ಒತ್ತಿದರು. ಗಾಡಿ ಮೆಲ್ಲಗೆ ಹೋಯಿತು. ಎದುರಿಗೆ ಎಮ್ಮೆ ಬಂದಾಗ ತುಳಿಯುವುದನ್ನು ಬಿಟ್ಟೆ. ತಾವೇ ಬ್ರೇಕ್ ಹಾಕಿದರು. ಎಮ್ಮೆ ಹೋಯಿತು, ತುಳಿದೆ, ಹೊರಟರು. ಮಗ್ಗದ ಕೋಣೆಯ ತನಕ ಹೋಗಿ ತಿರುಗಿ ಬರುವಷ್ಟರಲ್ಲಿ ನನ್ನ ಹಿಮ್ಮಡಿ ಕೆಂಪಾಗಿತ್ತು, ತಮ್ಮ ಕಟ್ಟೆಯ ಮೇಲೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದ. "ಅಕ್ಕಾ, ಇದ ಬ್ಯಾಟರೀದೂ ಅಲ್ಲ, ಪೆಟ್ರೋಲಿಂದೂ ಅಲ್ಲ. ಇದ ನಿನ್ನ ಮ್ಯಾಲ ಓಡತೈತಿ" ಅಂದ. ಸಂಜೆಗೆ ಪೆಟ್ರೋಲ್ ಗಾಡಿಯನ್ನು ಹೇರಿಕೊಂಡು ಹಿಪ್ಪರಗಿ ಕಡೆ ಹೋದ.

ಬರಬರುತ್ತ ರೂಢಿಯಾಯಿತು. ದಿನಾ ಮುಂಜಾನೆ ಮಗ್ಗದ ಕೋಣೆಗೆ ಇಬ್ಬರೂ ಹೋಗುತ್ತಿದ್ದೆವು. ಅವರು ಕುರ್ಚಿಯ ಮೇಲೆ ಕೂತು, ಕಾಲು ನೆಲಕ್ಕೂರಿ, ಕೂತಲ್ಲಿಂದಲೇ ಕೆಲಸದವರಿಗೆ ಬೆರಳು ತೋರಿಸುತ್ತಿದ್ದರು. ಗಡ್ಡ ಹೋಯಿತು. ಹಾಸು ಬಿಚ್ಚಿದ್ದರೂ ನಮ್ಮ ಗಾಡಿಗೆ ಆಯಿ ತಾನೇ ಬದಿಗೆ ದಾರಿ ಬಿಡಿಸುತ್ತಿದ್ದಳು. ಬ್ಯಾಟರಿಗೆ ನೀರು ಹಾಕುವುದು, ಕರೆಂಟು ಇದ್ದಾಗ ತುಂಬಿಸುವುದು ಎಲ್ಲ ನಾನೇ ಕಲಿತೆ. ಗಂಡ ಹೆಂಡತಿ ಒಂದೇ ಸೀಟಿನಲ್ಲಿ ಹೆಗಲಿಗೆ ಹೆಗಲು ಹಚ್ಚಿ ಹಗಲಲ್ಲಿ ಓಣಿಯಲ್ಲಿ ಹೋಗುವುದು ಮೊದಲೆಲ್ಲ ನನಗೆ ನಾಚಿಕೆಯ ಮಾತಾಗಿತ್ತು. ಅಲ್ಲಿಯ ತನಕ ನಾನು ಅವರ ಹಿಂದೆಯೇ ನಡೆದವಳು. ಜನ ಚೇಷ್ಟೆ ಮಾಡಿದರು, ಆಮೇಲೆ ಅವರಿಗೂ ಬೇಸರವಾಗಿ ಬಿಟ್ಟರು.

ಆದರೆ ಚಾದ ಅಂಗಡಿಗೆ ಮಾತ್ರ ನಾನು ಹೋಗುತ್ತಿರಲಿಲ್ಲ. ಅದು ಗಂಡಸರ ಜಾಗ. ಕರೆಂಟು ಹೋಗಿ ಮಗ್ಗ ನಿಂತವೆಂದರೆ ನೇಕಾರರೆಲ್ಲ ಅಲ್ಲಿ ಕೂಡುತ್ತಿದ್ದರು. ಅದಕ್ಕಿಂತ ಸ್ವಲ್ಪ ಈಚೆಗೆ ಇಳಿದುಬಿಡುತ್ತಿದ್ದೆ. ಅಲ್ಲಿಂದ ಮುಂದೆ ದಾರಿ ನೆಟ್ಟಗಿದೆ, ಅವರೊಬ್ಬರೇ ಇರುವೆ ನಡೆದ ಹಾಗೆ ಹೋಗಿ ನಿಲ್ಲುತ್ತಿದ್ದರು.

ಮಳೆ ಇನ್ನೂ ಸುರುವಾಗಿರಲಿಲ್ಲ. ಒಂದು ದಿನ ಮಧ್ಯಾಹ್ನ ಮಗ್ಗದ ಕೋಣೆಯಿಂದ ಚಾಕ್ಕೆಂದು ಹೊರಟೆವು. ಓಣಿಯ ಎರಡೂ ಬದಿ ಮಗ್ಗಗಳು ಹೊಡೆಯುತ್ತಿದ್ದವು. ಅಂಥ ಗದ್ದಲದಲ್ಲಿ ನಮ್ಮೂರವರು ಮನೆಯೊಳಗಿನ ಮಾತನ್ನೂ ಬೀದಿಯಲ್ಲಿ ಕೂಗಿ ಆಡುತ್ತಾರೆ, ಬಾಜೂ ನಿಂತವರಿಗಲ್ಲದೆ ಮತ್ತೊಬ್ಬರಿಗೆ ಕೇಳುವುದಿಲ್ಲ. ಅವರೂ ಏನೇನೋ ಕೂಗುತ್ತ ಬಂದರು, ಹೊಸ ಸೀರೆಯ ದಡಿಯ ಬಗ್ಗೆ, ಕೆಲಸದವನ ಸೋಮಾರಿತನದ ಬಗ್ಗೆ. ನಡು ಓಣಿಗೆ ಬಂದಿದ್ದೆವು. ಕರೆಂಟು ಹೋಯಿತು.

ಎಲ್ಲ ಮಗ್ಗಗಳೂ ಒಮ್ಮೆಲೇ ನಿಂತವು. ನೆಲದ ಮೇಲೆ ನಿಂತಿದ್ದರೆ ಅವರಿಗೆ ನನಗಿಂತ ಮೊದಲೇ ಗೊತ್ತಾಗುತ್ತಿತ್ತು. ಆದರೆ ಕೂತದ್ದು ರಬ್ಬರಿನ ಗಾಲಿಯ ಮೇಲೆ, ಕೆಳಗೆ ಸ್ಪ್ರಿಂಗು. ಓಣಿಯ ನೆಲ ಅವರ ಕಾಲಿಗೆ ತಾಗುತ್ತಿರಲಿಲ್ಲ, ತಾಗುತ್ತಿದ್ದದ್ದು ನನ್ನ ಹಿಮ್ಮಡಿ ಮಾತ್ರ. ಮಗ್ಗಗಳೆಲ್ಲ ಇನ್ನೂ ನಡೆದಿವೆ ಎಂದೇ ತಿಳಿದಿದ್ದರು. ಜನ ಬಾಗಿಲಿಗೆ, ಕಟ್ಟೆಗೆ ಬರತೊಡಗಿದ್ದರು. ಸೂಜಿ ಬಿದ್ದರೆ ಕೇಳುವಂಥ ಹೊತ್ತಿನಲ್ಲಿ, ಎದುರಿನ ದಾರಿ ನೋಡುತ್ತಲೇ, ನನ್ನ ಗಂಡ ಗಂಟಲು ಹರಿಯುವ ಹಾಗೆ ಕೂಗಿದರು:

"ಒಂದ ಮಾತ ಹೇಳ್ತೇನಿ ಕೇಳ. ನೀ ಆವತ್ತ ಕಾಲ ಬಡೀಲಿಲ್ಲಂದ್ರ ನಾ ಆ ಹೊರಸಿನ ಮ್ಯಾಲ ಸತ್ತ ಹೋಗ್ತಿದ್ನಿ. ಸಾಯಾಕ ಮನಸ ಮಾಡಿದ್ನಿ. ನಿನ್ನಂಥ ಸಿಟ್ಟಿನಾಕಿನ್ನ ಕೊಟ್ಟಾನಂತ ದೇವ್ರಿಗೆ ದಿನಾ ಕೈ ಮುಗೀತೇನಿ, ನಿನಗ ಗೊತ್ತ ಐತೇನ?"

ನನ್ನ ಕಾಲು ತಾನಾಗಿಯೇ ನಿಂತಿತು. ಕಾಲು ನಿಂತದ್ದಕ್ಕೆ ಅವರು ಬ್ರೇಕ್ ಹಾಕಿದರು. ಎದುರಿಗೆ ಎಮ್ಮೆಯಿರಲಿಲ್ಲ, ಕೂಸಿರಲಿಲ್ಲ. ಯಾಕೆಂದು ನನ್ನ ಮುಖ ನೋಡಿದರು. ಆಮೇಲೆ ಕಟ್ಟೆಗಳ ಕಡೆ ನೋಡಿದರು. ಎಲ್ಲರೂ ನಮ್ಮನ್ನೇ ನೋಡುತ್ತಿದ್ದರು. ಒಬ್ಬರೂ ನಗುತ್ತಿರಲಿಲ್ಲ. ಆಯಿ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು. ಅವರು ನಿಧಾನವಾಗಿ ಒಂದು ಕಾಲನ್ನು ಗಾಡಿಯಿಂದ ಹೊರಗೆ ಚಾಚಿ ಬರಿ ನೆಲಕ್ಕೆ ಊರಿದರು. ನೆಲ ನಡುಗುತ್ತಿರಲಿಲ್ಲ. ಕಿವಿಯ ತನಕ ಕೆಂಪಾದರು.

ನಾನು ಇಳಿದು ಓಡಿ ಹೋಗಬೇಕೆಂದು ಸೆರಗು ಎಳೆದುಕೊಂಡೆ. ಅವರು ನನ್ನ ಮುಂಗೈ ಹಿಡಿದರು. ಮದುವೆಯ ಮಂಟಪದಲ್ಲಿ ಬಿಟ್ಟರೆ ನಾಲ್ಕು ಜನರ ಎದುರು ಅವರು ನನ್ನ ಕೈ ಹಿಡಿದದ್ದು ಅದೇ. ಇಳಿಯಲು ಬಿಡಲಿಲ್ಲ. ತುಳಿ ಎಂದು ಬೆರಳು ಸುತ್ತಿಸಿದರು. ನಾನು ಇಳಿಯುವ ಜಾಗ ಬಂತು, ಕಾಲು ನಿಲ್ಲಿಸಿದೆ. ತುಳಿ ಎಂದು ಮತ್ತೆ ಬೆರಳು ಸುತ್ತಿಸಿದರು. ಹಾಗೇ ಗಂಡಸರ ನಟ್ಟ ನಡುವೆ, ಚಾದ ಅಂಗಡಿಯ ಬಾಗಿಲಿಗೆ ಗಾಡಿ ಒಯ್ದು ನಿಲ್ಲಿಸಿದರು. ಅಲ್ಲಿದ್ದವರೆಲ್ಲ ಕೇಳಿಸಿಕೊಂಡಿದ್ದರು.

"ಕೇಳಿದ್ರೆಲ್ಲ? ಖರೇನ ಹೇಳೇನಿ" ಅಂದರು, ಈ ಸಲ ಬೇಕೆಂದೇ ಅಷ್ಟೇ ದೊಡ್ಡ ದನಿಯಲ್ಲಿ. "ಇಕಿಗೂ ಒಂದ ಚಾ ಕೊಡ್ರಿ."

ಅಂಗಡಿಯವರು ಒಂದು ಗ್ಲಾಸನ್ನು ಎರಡು ಸಲ ತೊಳೆದು, ಚಾ ಹಾಕಿ, ತಾವೇ ಇಳಿದು ಬಂದು ನನ್ನ ಕೈಗೆ ಕೊಟ್ಟರು. ಸಕ್ಕರೆ ಬಹಳ ಹಾಕಿದ್ದರು. ನನಗೆ ಸಕ್ಕರೆ ಸೇರುವುದಿಲ್ಲ. ಪೂರ್ತಿ ಕುಡಿದೆ.